ಧರೆ ಕುಸಿದ ತೋಟದ ದಾರಿಗೆ ಮಿನಿ ಟ್ರ್ಯಾಕ್ಟರ್: ಹಿಂದೆ ಬ್ಲೇಡೋ, ಮುಂದೆ ಲೋಡರೋ?

ಆರಿದ್ರೆ ಮಳೆ ಹಿಡಿದುಕೊಂಡಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಧರೆ, ಅಂದರೆ ದಾರಿ ಬದಿಯ ಮಣ್ಣಿನ ಗೋಡೆ, ಜಾರುವುದು ಶುರು. ಕೆಲವೊಮ್ಮೆ ನಾಲ್ಕು ಮಂಕರಿ ಮಣ್ಣು, ಕೆಲವೊಮ್ಮೆ ಸಿಲ್ವರ್ ಮರದ ಸಮೇತ ಎರಡು ಲೋಡು. ಎಲ್ಲದಕ್ಕೂ ಜೆಸಿಬಿ ಕರೆಸೋಣವೆಂದರೆ ಆ ಹೊತ್ತಿಗೆ ಅದು ಸಿಗಬೇಕಲ್ಲ. ಸಿಕ್ಕರೂ ಏಳು ಟನ್ ಮೀರಿದ ಯಂತ್ರ ನೆನೆದ ದಾರಿಯ ಹೊರ ಅಂಚಿಗೆ ಬಂದರೆ ಅಂಚೇ ಕೆಳಗಿಳಿಯುತ್ತದೆ. ಹಾಗಾಗಿ ತೋಟದಲ್ಲೇ ಇರುವ 24ರಿಂದ 28 ಎಚ್‌ಪಿಯ ಫೋರ್ ವೀಲ್ ಮಿನಿ ಟ್ರ್ಯಾಕ್ಟರಿಗೆ ಏನು ಕಟ್ಟಬೇಕೆಂಬುದು ಪ್ರಶ್ನೆ. ಹಿಂದೆ ಕಟ್ಟಿ ಮಣ್ಣು ಸವರುವ ಬ್ಲೇಡ್, ಮುಂದೆ ಬಕೆಟ್ಟಿನಲ್ಲಿ ಮಣ್ಣು ಎತ್ತುವ ಲೋಡರ್ ಎರಡನ್ನೂ ಒಂದೇ ಬಗೆಯ ಅಂಟುಮಣ್ಣಿನಲ್ಲಿ ಓಡಿಸಿ ನೋಡಿದ ಲೆಕ್ಕ ಇದು.

ಬ್ಲೇಡ್ ಸರಳ. ಗಾಡಿಯ ಹಿಂದಿನ ಲಿಫ್ಟಿನ ಎರಡು ಕೆಳತೋಳಿಗೆ 22 ಮಿ.ಮೀ. ಪಿನ್, ಅವುಗಳ ಮೇಲೆ ನಡುವೆ ಇರುವ ಟಾಪ್ ಲಿಂಕಿಗೆ 19 ಮಿ.ಮೀ. ಪಿನ್ ಹಾಕಿದರೆ ಮುಗಿಯಿತು. ಎಡವುವುದು ಅಳತೆಯಲ್ಲಿ. ಗಾಡಿಯ ಅಗಲ ನಾಲ್ಕಡಿ ಎಂದು ನಾಲ್ಕಡಿ ಬ್ಲೇಡೇ ತಂದರೆ, ಮಣ್ಣು ಪಕ್ಕಕ್ಕೆ ಸರಿಯಲೆಂದು 30 ಡಿಗ್ರಿ ಓರೆ ಮಾಡಿದಾಗ ಅದು ಸವರುವುದು ಮೂರೂವರೆ ಅಡಿಗೂ ತುಸು ಕಡಿಮೆ. ಒಂದು ಬದಿಯ ಚಕ್ರ ಕೆಸರಿನಲ್ಲೇ ಓಡುತ್ತಿರುತ್ತದೆ. ಐದಡಿಯ ಬ್ಲೇಡ್ ಅದೇ ಓರೆಯಲ್ಲಿ ನಾಲ್ಕಡಿ ನಾಲ್ಕಿಂಚು ಸವರುತ್ತದೆ. ತರುವುದಾದರೆ ಅದನ್ನೇ ತನ್ನಿ.

ಇದರ ದೊಡ್ಡ ಕೊರತೆಯೆಂದರೆ ಲಿಫ್ಟ್ ಎತ್ತುತ್ತದೆಯೇ ಹೊರತು ಒತ್ತುವುದಿಲ್ಲ. ಕಲ್ಲು ಬೆರೆತು ಬಿಗಿದ ಮಣ್ಣಿನ ಮೇಲೆ ಬ್ಲೇಡ್ ಸುಮ್ಮನೆ ಜಾರಿಕೊಂಡು ಬರುತ್ತದೆ. ಆಗ ಮೊದಲು ಟಾಪ್ ಲಿಂಕನ್ನು ಎರಡು ಮೂರು ಸುತ್ತು ಉದ್ದ ಮಾಡಿ. ಬ್ಲೇಡಿನ ತಲೆ ಹಿಂದಕ್ಕೆ ವಾಲಿ ಅಲಗು ಮುಂದಕ್ಕೆ ಚಾಚಿಕೊಂಡು ಕಚ್ಚುತ್ತದೆ. ಸಾಲದಿದ್ದರೆ ಫ್ರೇಮಿನ ಮೇಲೆ ಎರಡು ಮರಳಿನ ಚೀಲ ಬಿಗಿಯಿರಿ. ಎಳೆತ ನೋಡಿ ಲಿಫ್ಟನ್ನು ಏರಿಳಿಸುವ ಡ್ರಾಫ್ಟ್ ಕಂಟ್ರೋಲ್ ಇರುವ ಗಾಡಿಯಾದರೆ, ಲಿಫ್ಟನ್ನು ಒಂದೇ ಎತ್ತರಕ್ಕೆ ಹಿಡಿದಿಡುವ ಪೊಸಿಷನ್ ಲಿವರಿನಲ್ಲೇ ಕೆಲಸ ಮಾಡಿ. ಇಲ್ಲವಾದರೆ ಎಳೆತ ಹೆಚ್ಚಿದಾಗಲೆಲ್ಲ ಬ್ಲೇಡ್ ತಾನಾಗಿ ಎದ್ದು ದಾರಿಯನ್ನು ಅಲೆಅಲೆ ಮಾಡಿಡುತ್ತದೆ.

ಇನ್ನೊಂದು ತೊಡಕು: ಬ್ಲೇಡ್ ಮುಟ್ಟುವ ಮೊದಲೇ ನಾಲ್ಕೂ ಚಕ್ರ ಮಣ್ಣನ್ನು ತುಳಿದಿರುತ್ತವೆ. ಮೊಣಕಾಲೆತ್ತರದ ರಾಶಿಗಾದರೆ ಬ್ಲೇಡನ್ನು ಹಿಂದುಮುಂದು ತಿರುಗಿಸಿ ರಿವರ್ಸ್‌ನಲ್ಲಿ ತಳ್ಳಬೇಕು. ಆದರೆ ಕೆಳತೋಳುಗಳನ್ನು ಮಾಡಿರುವುದು ಎಳೆಯಲಿಕ್ಕೆ. ಹೂತ ಬೇರಿಗೋ ಬಂಡೆಗೋ ಜೋರಾಗಿ ಗುದ್ದಿದರೆ ತೋಳು ಬಾಗುತ್ತದೆ. ಲೋ ಗೇರ್, ಒಮ್ಮೆಗೆ ಒಂದಡಿ ಮಣ್ಣು, ಅಷ್ಟೇ. ಕತ್ತು ತಿರುಗಿಸಿ ತಿರುಗಿಸಿ ಸಂಜೆಗೆ ಹಿಡಿದುಕೊಳ್ಳುವುದು ಬೇರೆ.

ಲೋಡರಿಗೆ ಈ ತಾಪತ್ರಯವಿಲ್ಲ. ಕಣ್ಣೆದುರೇ ಕೆಲಸ, ಒತ್ತಿ ಅಗೆಯುತ್ತದೆ, ಎತ್ತಿ ಒಯ್ಯುತ್ತದೆ. ಇಲ್ಲಿ ತೊಂದರೆಯೆಲ್ಲ ತೂಕದ್ದು. ನೆನೆದ ಮಣ್ಣು ಘನ ಮೀಟರಿಗೆ 1.8 ಟನ್ ಆಸುಪಾಸು ತೂಗುತ್ತದೆ. 0.15 ಘನ ಮೀಟರಿನ ಸಣ್ಣ ಬಕೆಟ್ ತುಂಬಿದರೆ 270 ಕೆಜಿ, ಅದೂ ಮುಂದಿನ ಆಕ್ಸಲಿಗಿಂತ ಮುಂದೆ. ಹಿಂದಿನ ಚಕ್ರ ಹಗುರಾಗಿ ತಿರುಗತೊಡಗುತ್ತದೆ, ಮುಂದಿನ ಆಕ್ಸಲಿನ ಆಯಿಲ್ ಸೀಲ್ ಸೋರತೊಡಗುತ್ತದೆ. ಇದಕ್ಕೆ ಅಗ್ಗದ ಮದ್ದು: 200 ಲೀಟರಿನ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ಕೆಳತೋಳುಗಳ ಅಂತರ ಅಳೆದು, ತುದಿ 22 ಮಿ.ಮೀ. ಇರುವ ಗಟ್ಟಿ ಸರಳನ್ನು ಅಡ್ಡ ತೂರಿಸಿ, ಟಾಪ್ ಲಿಂಕಿಗೆ ಮೇಲೊಂದು ಕಿವಿ ಬೆಸೆದು ಕಾಂಕ್ರೀಟ್ ತುಂಬುವುದು. ಸುಮಾರು 240 ಕೆಜಿ ಹಿಂದೆ ಕೂರುತ್ತದೆ.

ಲೋಡರಿನ ಫ್ರೇಮ್ ಎಲ್ಲಿಗೆ ಬೋಲ್ಟ್ ಆಗಿದೆ ಎಂದು ಗಾಡಿಯ ಕೆಳಗೆ ಬಗ್ಗಿ ನೋಡದೆ ದುಡ್ಡು ಕೊಡಬೇಡಿ. ಹಿಂದಿನ ಆಕ್ಸಲಿನವರೆಗೂ ಉದ್ದಕ್ಕೆ ಬಂದಿರಬೇಕು. ಬರೀ ಕ್ಲಚ್ ಹೌಸಿಂಗಿಗೆ ಕಚ್ಚಿಸಿದ್ದರೆ ಪ್ರತಿ ಗುದ್ದೂ ಆ ಎರಕಕ್ಕೇ ಬೀಳುತ್ತದೆ. ಮೊದಲು ಬೋಲ್ಟ್ ಸಡಿಲ, ಆಮೇಲೆ ಬಿರುಕು. ಇಳಿಜಾರಿನಲ್ಲಿ ತುಂಬಿದ ಬಕೆಟ್ ನೆಲದಿಂದ ಒಂದಡಿಗಿಂತ ಮೇಲಿರಕೂಡದು. ಇಳಿಯುವಾಗ ರಿವರ್ಸ್‌ನಲ್ಲೇ ಇಳಿಯಿರಿ, ಬಕೆಟ್ ಏರಿನ ಕಡೆಗಿರಲಿ.

ಯಾವುದು ಮೇಲು ಎಂಬುದನ್ನು ತೀರ್ಮಾನಿಸುವುದು ಮಣ್ಣನ್ನು ಎಲ್ಲಿಗೆ ಹಾಕುತ್ತೀರಿ ಎಂಬುದೇ. ದಾರಿಯ ಹೊರಬದಿ ಪಾಳು ಇಳಿಜಾರಾದರೆ ಬ್ಲೇಡ್ ಸಾಕು, ಬೇಗವೂ ಹೌದು. ಕೆಳಗೆ ಕಾಯಿ ಕಟ್ಟಿದ ಗಿಡಗಳಿದ್ದರೆ, ಇಲ್ಲವೇ ಅಲ್ಲೇ ಮೋರಿಯ ಬಾಯಿ ಇದ್ದರೆ, ತಳ್ಳಿದ ಮಣ್ಣು ನಾಳೆ ಇನ್ನೊಂದು ಕೆಲಸವಾಗಿ ಎದ್ದು ಬರುತ್ತದೆ. ಅಲ್ಲಿ ಲೋಡರೇ ಬೇಕು. ಮುಂದಿನ ಡೋಜರ್ ಬ್ಲೇಡ್ ಎಂಬ ಮೂರನೆಯದೂ ಇದೆ. ಎತ್ತಿ ಒಯ್ಯದ ಅದಕ್ಕೆ ಅಷ್ಟು ಕೊಟ್ಟು ಗಾಡಿಯ ಅಡಿಗೆ ಸಬ್‌ಫ್ರೇಮ್ ಹಾಕಿಸುವುದು ನಮಗಂತೂ ಸರಿಕಾಣದು.

ಎರಡರಲ್ಲಿ ಯಾವುದನ್ನೇ ಕಟ್ಟಿ, ಹಿಡಿತವಿಲ್ಲದಿದ್ದರೆ ವ್ಯರ್ಥ. ಹಿಂದಿನ 8.3-24 ಟೈರಿಗೆ ನೀರು ತುಂಬುವುದು ಎಲ್ಲಕ್ಕಿಂತ ಅಗ್ಗ. ಚಕ್ರ ಜಾಕ್ ಮೇಲೆತ್ತಿ, ವಾಲ್ವನ್ನು ನೆತ್ತಿಗೆ ತಂದು, ವಾಲ್ವಿನ ಮಟ್ಟದವರೆಗೆ ತುಂಬಿದರೆ ಮುಕ್ಕಾಲು ಭಾಗ. ಚಕ್ರವೊಂದಕ್ಕೆ 70 ಲೀಟರ್ ಆಸುಪಾಸು. ಉಳಿದ ಜಾಗಕ್ಕೆ ಗಾಳಿ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮಗೆ ಬಾವಿ ನೀರೇ ಆಯಿತು. ಕಾಫಿ ಮೋಟು ಚುಚ್ಚಿ ಪಂಕ್ಚರ್ ಆದ ದಿನ ಮಾತ್ರ ಅಂಗಡಿಯವನ ಮುಖ ನೋಡಬೇಕು. ಚಕ್ರಕ್ಕೆ ಬಿಗಿಯುವ ಎರಕದ ವೀಲ್ ವೇಟಿಗೆ ಆ ಗೋಳಿಲ್ಲ, ಬೆಲೆ ಹೆಚ್ಚು.

ಜೀಪಿಗೆ ಹಾಕುವಂತೆ ಚೈನನ್ನು ಮೊದಲು ಹಿಂದಿನ ಚಕ್ರಕ್ಕೆ ಹಾಕಿ, ನೂರು ಮೀಟರ್ ಓಡಿಸಿ ಮತ್ತೆ ಬಿಗಿಯಿರಿ. ಮೊದಲ ಸಲ ಎಷ್ಟೇ ಬಿಗಿದರೂ ಅದು ಸಡಿಲಾಗಿಯೇ ತೀರುತ್ತದೆ. ಬಿಟ್ಟರೆ ಮಡ್‌ಗಾರ್ಡಿಗೆ ಬಡಿಯುತ್ತದೆ. ಗದ್ದೆಯ ಕೇಜ್ ವೀಲ್ ಹಾಕಬೇಡಿ, ಉಳಿದ ದಾರಿಯನ್ನೂ ಉತ್ತುಬಿಡುತ್ತದೆ. ಕಾಂಕ್ರೀಟ್ ದಾರಿಗೆ ಬಂದೊಡನೆ ಫೋರ್ ವೀಲ್ ಡ್ರೈವ್ ಬಿಡಿಸಿ, ಚೈನ್ ಕೂಡ ತೆಗೆಯಿರಿ.

ಧರೆಯ ಬುಡ ಕೆರೆಯುವುದು ಎರಡಕ್ಕೂ ನಿಷಿದ್ಧ. ಬುಡದ ಒಂದೆರಡಡಿ ಮಣ್ಣು ಮೇಲಿನದಕ್ಕೆ ಊರೆಗೋಲು. ಮಳೆ ಹೊಳವಾಗುವವರೆಗೆ ಇರಲಿ. ಬಿರುಕಿನಿಂದ ರಾಡಿ ನೀರು ಒಸರುತ್ತಿದ್ದರೆ ಗಾಡಿ ಅತ್ತ ಒಯ್ಯಲೇಬೇಡಿ. ಮಣ್ಣು ತೆಗೆದ ದಿನವೇ ಗುದ್ದಲಿ ಹಿಡಿದು ಚರಂಡಿ ಬಿಡಿಸಿ. ಟೈರಿನ ನೀರನ್ನು ಮಾತ್ರ ಕುಯ್ಲಿಗೆ ಮೊದಲೇ ಇಳಿಸಿಬಿಡಿ, ಆ ಭಾರ ಹೊತ್ತು ಗಿಡಗಳ ನಡುವೆ ಓಡಾಡಿದರೆ ಬೇರಿನ ಮೇಲಿನ ಮಣ್ಣು ಬಿಗಿಯುತ್ತದೆ.