ಜೆಕಿಲ್‌ನ ಲಿಕ್ವಿಡ್ ಫಿಲ್ಟರ್‌ಗಳು: ದಾಸರ ಪದಗಳಿಗೆ ಬಳಸಿ ನೋಡಿದವಳ ಅಭಿಪ್ರಾಯ

ಹಲವು ಸಾಲುಗಳ ಉದ್ದನೆಯ ಪಠ್ಯ ಒಂದೇ ಕಡೆ ಇರಬೇಕು, ಅದರಿಂದ ಬೇಕಾದ ತುಂಡು ಮಾತ್ರ ಬೇರೆ ಬೇರೆ ಪುಟಗಳಲ್ಲಿ ತಾನಾಗಿ ಬರಬೇಕು. ಇದಕ್ಕೆ ವೆಬ್‌ಸೈಟ್ ಕಟ್ಟುವ ಸಲಕರಣೆ ಜೆಕಿಲ್ ಸಾಕಾ ಅಂತ ಕೇಳಿದರೆ ನನ್ನ ಉತ್ತರ ಇಷ್ಟು: ಸಾಲು, ಚರಣ, ಪ್ಯಾರಾ ಲೆಕ್ಕದಲ್ಲಿ ಕತ್ತರಿಸುವುದಾದರೆ ಧಾರಾಳವಾಗಿ ಸಾಕು. ಅಕ್ಷರದ ಲೆಕ್ಕದಲ್ಲಿ ಕತ್ತರಿಸಲು ಹೊರಟರೆ ಕನ್ನಡಕ್ಕೆ ಅದು ಆಗಿಬರುವುದಿಲ್ಲ, ಒಂದು ಕಡೆ ಬಿಟ್ಟು. ಆ ಒಂದು ಕಡೆಯ ವಿಷಯ ಮುಂದೆ ಬರುತ್ತದೆ.

ನನ್ನ ಕೆಲಸ ಅಮ್ಮನ ಭಜನಾ ಮಂಡಳಿಯ ಹಾಡಿನ ಸೈಟ್. ದಾಸರ ಪದಗಳು, ಒಂದಷ್ಟು ದೇವರನಾಮ, ಮಂಗಳಾರತಿ ಹಾಡುಗಳು. ಮಂಡಳಿಯವರೆಲ್ಲ ಫೋನಿನಲ್ಲೇ ನೋಡಿಕೊಂಡು ಹಾಡುತ್ತಾರೆ. ಅಮ್ಮ ಕೇಳಿದ್ದು ಸ್ಪಷ್ಟವಾಗಿತ್ತು: "ಪಟ್ಟಿಯಲ್ಲಿ ಪಲ್ಲವಿ ಮಾತ್ರ ಕಾಣ್ಲಿ. ಒತ್ತಿದ್ರೆ ಪೂರ್ತಿ ಹಾಡು ಬರ್ಲಿ. ಪ್ರತಿ ಚರಣ ಆದ್ಮೇಲೆ ಪಲ್ಲವಿ ಮತ್ತೆ ಬರ್ಲಿ, ಮೇಲಕ್ಕೆ ತಳ್ಳಿ ಹುಡುಕೋಕಾಗಲ್ಲ ಕಣೇ." ಇದರ ಜೊತೆಗೆ ಅಂಕಿತದ ಪ್ರಕಾರ ಇನ್ನೊಂದು ಪಟ್ಟಿ, ಮೊದಲ ಅಕ್ಷರದ ಪ್ರಕಾರ ಮತ್ತೊಂದು. ಒಂದೇ ಪಲ್ಲವಿಯನ್ನು ಮೂರು ಕಡೆ ಟೈಪ್ ಮಾಡಿಟ್ಟರೆ, ನಾಳೆ ಯಾರಾದರೂ ಪಾಠ ತಿದ್ದಿದಾಗ ಒಂದು ಕಡೆ ತಿದ್ದಿ ಎರಡು ಕಡೆ ಉಳಿಯುತ್ತದೆ. ಹಾಡುವವರ ಕೈಗೆ ತಪ್ಪು ಪಾಠ ಹೋಗುವುದು ನನಗೆ ಸಹಿಸದ ವಿಷಯ. ಹಾಗಾಗಿ ಸಾಹಿತ್ಯ ಒಂದೇ ಕಡೆ, ಮಿಕ್ಕದ್ದೆಲ್ಲ ಜೆಕಿಲ್‌ನ ಫಿಲ್ಟರ್‌ಗಳ, ಅಂದರೆ ಪಠ್ಯವನ್ನು ಮಾರ್ಪಡಿಸಿ ಕೊಡುವ ಸಣ್ಣ ಆದೇಶಗಳ ಪಾಲಿಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಜೆಕಿಲ್ ಅನ್ನು 2008ರಲ್ಲಿ ಗಿಟ್‌ಹಬ್ ಸಹಸಂಸ್ಥಾಪಕ ಟಾಮ್ ಪ್ರೆಸ್ಟನ್-ವರ್ನರ್ ರೂಬಿ ಭಾಷೆಯಲ್ಲಿ ಬರೆದರು. ಡೇಟಾಬೇಸ್ ಇಲ್ಲ, ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ ಇಲ್ಲ. ಫೈಲುಗಳನ್ನು ಕೊಟ್ಟರೆ ಸಿದ್ಧ ಪುಟಗಳನ್ನು ಕೊಡುತ್ತದೆ. ಅದರೊಳಗಿನ ಟೆಂಪ್ಲೇಟ್ ಭಾಷೆ ಲಿಕ್ವಿಡ್, ಶಾಪಿಫೈ ಕಂಪನಿಯ ಕೊಡುಗೆ. ಒಂದು ಪಠ್ಯ ಬರೆದು, ಮುಂದೆ ಒಂದು ಗೀಟು ಎಳೆದು ಫಿಲ್ಟರ್ ಹೆಸರು ಬರೆದರೆ ಪಠ್ಯ ಅದರೊಳಗೆ ಹಾದು ಬರುತ್ತದೆ. ಮತ್ತೊಂದು ಗೀಟು, ಮತ್ತೊಂದು ಫಿಲ್ಟರ್. ಎಡದಿಂದ ಬಲಕ್ಕೆ, ಬರೆದ ಕ್ರಮದಲ್ಲೇ.

ಮೊದಲು ಸಾಹಿತ್ಯ ಎಲ್ಲಿಡಬೇಕು ಅನ್ನುವುದು ತೀರ್ಮಾನವಾಗಬೇಕು. ಫೈಲಿನ ಒಡಲಿನಲ್ಲಿ ಇಡಬೇಡಿ. ನಮ್ಮ ಹಾಡಿನ ಪುಸ್ತಕಗಳಲ್ಲಿ ಪಲ್ಲವಿಯ ಕೊನೆಗೆ ||ಪ||, ಅನುಪಲ್ಲವಿಯ ಕೊನೆಗೆ ||ಅ.ಪ||, ಚರಣಗಳಿಗೆ ||1||, ||2|| ಅಂತ ಇರುತ್ತದಲ್ಲ, ಸರಳ ಗುರುತುಗಳ ಬರಹವನ್ನು (ಮಾರ್ಕ್‌ಡೌನ್) ಪುಟವಾಗಿಸುವ ಜೆಕಿಲ್‌ನ ಎಂಜಿನ್ ಕ್ರಾಮ್‌ಡೌನ್ ಆ ಗೀಟುಗಳನ್ನು ಕಂಡರೆ ಕೋಷ್ಟಕ ಅಂದುಕೊಳ್ಳುತ್ತದೆ. ಹಾಡು ಹೋಗಿ ಟೇಬಲ್ ಆಗುತ್ತದೆ. ಫೈಲಿನ ತಲೆಯಲ್ಲಿ ಮೂರು ಅಡ್ಡಗೆರೆಗಳ (---) ಎರಡು ಸಾಲುಗಳ ನಡುವೆ ಬರುವ, ಹೆಸರು ಮತ್ತು ಅದರ ವಿವರ ಬರೆದಿಡುವ ಯಾಮೆಲ್ ಭಾಗದಲ್ಲಿಟ್ಟರೆ ಈ ಕಾಟ ಇಲ್ಲ. ಅಲ್ಲಿ ಹೆಸರಿನ ಮುಂದೆ ಕೋಲನ್, ಆಮೇಲೆ ಒಂದು ನೆಟ್ಟನೆಯ ಗೀಟು ಹಾಕಿದರೆ ಕೆಳಗಿನ ಸಾಲುಗಳು ಇದ್ದ ಹಾಗೇ ಉಳಿಯುತ್ತವೆ. ಗೀಟಿನ ಬದಲು 'ಹೆಚ್ಚು' ಚಿಹ್ನೆ ಹಾಕಿದರೆ ಸಾಲುಗಳೆಲ್ಲ ಒಂದಕ್ಕೊಂದು ಸೇರಿ ಒಂದೇ ಉದ್ದ ಸಾಲಾಗುತ್ತದೆ. ಪದ್ಯಕ್ಕೆ ಅದು ಬೇಡವೇ ಬೇಡ. ಈ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ರಾಗ, ತಾಳ, ಸಾಹಿತ್ಯ ಹೀಗೆ. ಟೆಂಪ್ಲೇಟಿನಲ್ಲಿ ಕರೆಯುವಾಗ ಮಾತ್ರ ಚುಕ್ಕೆ ಹಾಕಿ ಕರೆಯಲಾಗದು, ಚೌಕ ಕಂಸದೊಳಗೆ ಉದ್ಧರಣ ಚಿಹ್ನೆ ಹಾಕಿ ಬರೆಯಬೇಕು. ನಾನು ಎಲ್ಲವನ್ನೂ ಕನ್ನಡದಲ್ಲೇ ಇಟ್ಟಿದ್ದೇನೆ. ಮಂಡಳಿಯವರು ಯಾರು ಫೈಲ್ ತೆರೆದರೂ ಓದಿ ತಿಳಿಯಬೇಕು.

ಈಗ ಮುಖ್ಯ ವಿಷಯ. ಲಿಕ್ವಿಡ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್, ಅಂದರೆ ಮಾದರಿ ಕೊಟ್ಟು ಹುಡುಕುವ ಸೌಲಭ್ಯ ಇಲ್ಲ. "ಎರಡು ಗೀಟು, ನಡುವೆ ಯಾವುದಾದರೂ ಅಂಕಿ, ಮತ್ತೆರಡು ಗೀಟು" ಅನ್ನುವ ಹುಡುಕಾಟ ಸಾಧ್ಯವಿಲ್ಲ. ಇರುವುದು ಸ್ಪ್ಲಿಟ್: ಕೊಟ್ಟ ಗುರುತು ಎಲ್ಲೆಲ್ಲಿ ಸಿಗುತ್ತದೋ ಅಲ್ಲಲ್ಲಿ ಒಡೆದು ತುಂಡುಗಳ ಸಾಲು ಕೊಡುತ್ತದೆ. ||ಪ|| ಗುರುತಿನಲ್ಲಿ ಒಡೆದು 'ಫಸ್ಟ್' ಕೇಳಿದರೆ ಪಲ್ಲವಿ ಸಿಗುತ್ತದೆ, ಸರಿ. ಆದರೆ ಆ ಗುರುತೇ ಇಲ್ಲದ ಹಾಡಿನಲ್ಲಿ ಸ್ಪ್ಲಿಟ್ ದೂರುವುದಿಲ್ಲ, ಇಡೀ ಹಾಡನ್ನೇ ಒಂದೇ ತುಂಡಾಗಿ ಕೊಡುತ್ತದೆ, 'ಫಸ್ಟ್' ಅಂದರೆ ಇಡೀ ಹಾಡು. ಪಟ್ಟಿಯಲ್ಲಿ ಒಂದು ಪಲ್ಲವಿ ಇರಬೇಕಾದ ಜಾಗದಲ್ಲಿ ಆರು ಚರಣ ಬಂದು ಕೂತಿರುತ್ತವೆ.

ಇದಕ್ಕಿಂತ ಚೆಂದದ ದಾರಿ ಇದೆ, ನನಗೆ ತುಂಬ ಹಿಡಿಸಿದ್ದೂ ಅದೇ. ಪೂರ್ತಿ ಗುರುತು ಬೇಡ, ಬರೀ ಜೋಡಿ ಗೀಟಿನಲ್ಲಿ ಒಡೆಯಿರಿ:

ಸಾಹಿತ್ಯ | ರಿಪ್ಲೇಸ್: "॥", "||" | ರಿಪ್ಲೇಸ್: "।।", "||" | ಸ್ಟ್ರಿಪ್ | ಸ್ಪ್ಲಿಟ್: "||"

ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಫಿಲ್ಟರ್ ಹೆಸರುಗಳು ಇಂಗ್ಲಿಷಿನಲ್ಲೇ ಇರಬೇಕು. ರಿಪ್ಲೇಸ್ ಅಂದರೆ ಒಂದರ ಬದಲು ಇನ್ನೊಂದು ಇಡುವುದು, ಸ್ಟ್ರಿಪ್ ಅಂದರೆ ಹಿಂದುಮುಂದಿನ ಖಾಲಿ ಜಾಗ ತೆಗೆಯುವುದು. ಆಗ ಬರುವ ತುಂಡುಗಳು ಹೀಗಿರುತ್ತವೆ: ಪಲ್ಲವಿಯ ಸಾಲುಗಳು, 'ಪ', ಅನುಪಲ್ಲವಿಯ ಸಾಲುಗಳು, 'ಅ.ಪ', ಮೊದಲ ಚರಣ, '1', ಎರಡನೇ ಚರಣ, '2'. ಒಂದು ಪಠ್ಯ, ಒಂದು ಹೆಸರು, ಒಂದು ಪಠ್ಯ, ಒಂದು ಹೆಸರು. ತುಂಡುಗಳನ್ನು ಒಂದೊಂದಾಗಿ ನೋಡುವ ಲೂಪ್‌ನಲ್ಲಿ ತುಂಡಿನ ಕ್ರಮಸಂಖ್ಯೆಯನ್ನು ಎರಡರಿಂದ ಭಾಗಿಸಿ ಶೇಷ ನೋಡಿದರೆ ಯಾವುದು ಪಠ್ಯ, ಯಾವುದು ಹೆಸರು ಗೊತ್ತಾಗುತ್ತದೆ. ಮಾಡ್ಯುಲೊ ಫಿಲ್ಟರ್ ಇರುವುದೇ ಅದಕ್ಕೆ. ಹೆಸರು 'ಪ' ಆಗಿದ್ದರೆ ಅದರ ಹಿಂದಿನ ತುಂಡು ಪಲ್ಲವಿ. ಅನುಪಲ್ಲವಿ ಇಲ್ಲದ ಹಾಡಾದರೂ ಏನೂ ಕೆಡುವುದಿಲ್ಲ. ಚರಣದ ಸಂಖ್ಯೆ 1 ಎಂದಿದ್ದರೂ ೧ ಎಂದಿದ್ದರೂ ಒಂದೇ. ರೆಗ್ಯುಲರ್ ಎಕ್ಸ್‌ಪ್ರೆಷನ್ ಇದ್ದಿದ್ದರೆ ಅಂತ ಅನ್ನಿಸಲೇ ಇಲ್ಲ. ನಮ್ಮ ಹಿರಿಯರು ಹಾಡಿಗೆ ಹಾಕಿಟ್ಟ ಗುರುತು ಅಷ್ಟು ಶಿಸ್ತಾಗಿದೆ.

ರಿಪ್ಲೇಸ್ ಯಾಕೆ ಅಂದರೆ, ಟೈಪ್ ಮಾಡುವವರು ಆ ಗುರುತನ್ನು ಮೂರು ಥರ ಹಾಕುತ್ತಾರೆ. ಕೀಬೋರ್ಡಿನ ಎರಡು ಗೀಟು ಒಂದು, ಒಂದೇ ಅಕ್ಷರವಾಗಿ ಬರುವ ಜೋಡಿ ದಂಡ ಇನ್ನೊಂದು, ಬಿಡಿ ದಂಡವನ್ನು ಎರಡು ಸಲ ಒತ್ತುವುದು ಮತ್ತೊಂದು. ಕಣ್ಣಿಗೆ ಮೂರೂ ಒಂದೇ, ಕಂಪ್ಯೂಟರಿಗೆ ಮೂರೂ ಬೇರೆ. ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಂದು ಆಮೇಲೆ ಒಡೆಯಬೇಕು. 'ಪ'ದ ಆಚೀಚೆ ಜಾಗ ಬಿಟ್ಟು ಬರೆಯುವವರೂ ಇದ್ದಾರೆ, ಹಾಗಾಗಿ ಹೆಸರಿನ ತುಂಡಿಗೂ ಸ್ಟ್ರಿಪ್ ಬೇಕು.

ಇನ್ನು ಸಾಲು ಸಾಲಾಗಿ ಒಡೆಯುವುದು. ಹೊಸಬರೆಲ್ಲ ಎಡವುವುದು ಇಲ್ಲೇ. ಬೇರೆ ಭಾಷೆಗಳ ಅಭ್ಯಾಸದಲ್ಲಿ ಹಿಂಓರೆಗೆರೆ ಮತ್ತು 'ಎನ್' (\n) ಬರೆದರೆ ಲಿಕ್ವಿಡ್ ಅದನ್ನು ಸಾಲು ಮುರಿಯುವ ಗುರುತು ಅಂತ ತಿಳಿಯುವುದಿಲ್ಲ, ಆ ಎರಡು ಅಕ್ಷರಗಳನ್ನೇ ಪಠ್ಯದಲ್ಲಿ ಹುಡುಕುತ್ತದೆ. ಹಾಡಿನಲ್ಲಿ ಅವು ಎಲ್ಲಿರುತ್ತವೆ? ದಾರಿ ಏನೆಂದರೆ, 'ನ್ಯೂಲೈನ್ ಟು ಬಿಆರ್' ಫಿಲ್ಟರ್ ಹಾಯಿಸಿ ಪ್ರತಿ ಸಾಲಿನ ಕೊನೆಗೂ ಬಿಆರ್ ಟ್ಯಾಗ್ (<br />) ಬರುವಂತೆ ಮಾಡಿ, ಆ ಟ್ಯಾಗ್‌ನಲ್ಲಿ ಸ್ಪ್ಲಿಟ್ ಮಾಡುವುದು. ಟ್ಯಾಗ್ ಅನ್ನು ಒಳಗಿನ ಜಾಗ ಮತ್ತು ಓರೆಗೆರೆ ಸಮೇತ ಅದು ಹಾಕುವ ರೂಪದಲ್ಲೇ ಬರೆಯಬೇಕು. ಯಾಮೆಲ್ ಗೀಟು ಹಾಕಿದ ಪಠ್ಯದ ಕೊನೆಗೆ ಒಂದು ಸಾಲು ಮುರಿತ ಉಳಿದಿರುತ್ತದೆ. ಮೊದಲೇ ಸ್ಟ್ರಿಪ್ ಮಾಡದೆ 'ಲಾಸ್ಟ್' ಕೇಳಿದರೆ ಕೈಗೆ ಸಿಗುವುದು ಖಾಲಿ ಸಾಲು. ಮೊದಲು ಸ್ಟ್ರಿಪ್, ಆಮೇಲೆ ಒಡೆ, ಸಿಕ್ಕ ಸಾಲಿಗೆ ಮತ್ತೆ ಸ್ಟ್ರಿಪ್, ಯಾಕೆಂದರೆ ಎರಡನೆಯದರಿಂದ ಮುಂದಿನ ಪ್ರತಿ ತುಂಡಿನ ತಲೆಯಲ್ಲೂ ಹಳೆಯ ಸಾಲು ಮುರಿತ ಅಂಟಿಕೊಂಡಿರುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಸುತ್ತು ಯಾಕೆ ಅಂತ ಈಗಲೂ ಅನ್ನಿಸುತ್ತದೆ. ಇದಕ್ಕೆ ನಾನು ಅಂಕ ಕಳೆಯುತ್ತೇನೆ.

'ಸ್ಟ್ರಿಪ್ ನ್ಯೂಲೈನ್ಸ್' ಅನ್ನುವ ಫಿಲ್ಟರ್ ಕೂಡ ಇದೆ, ಅದನ್ನು ಪದ್ಯಕ್ಕೆ ಮುಟ್ಟಿಸಬೇಡಿ. ಸಾಲು ಮುರಿತ ತೆಗೆಯುತ್ತದೆ, ಬದಲಿಗೆ ಜಾಗ ಬಿಡುವುದಿಲ್ಲ. ಒಂದು ಸಾಲಿನ ಕೊನೆಯ ಪದ ಮುಂದಿನ ಸಾಲಿನ ಮೊದಲ ಪದಕ್ಕೆ ಅಂಟಿಕೊಂಡು ಇಲ್ಲದ ಸಂಧಿ ಹುಟ್ಟುತ್ತದೆ. ಜೆಕಿಲ್ ತಾನೇ ಸೇರಿಸಿರುವ 'ನಾರ್ಮಲೈಸ್ ವೈಟ್‌ಸ್ಪೇಸ್' ಸರಿಯಾದದ್ದು, ಎಷ್ಟೇ ಸಾಲು ಮುರಿತ ಇದ್ದರೂ ಒಂದು ಜಾಗ ಇಟ್ಟು ಸೇರಿಸುತ್ತದೆ. ಪಟ್ಟಿಯಲ್ಲಿ ಪಲ್ಲವಿ ಒಂದೇ ಸಾಲಿನಲ್ಲಿ ಬರುತ್ತಿರುವುದು ಅದರಿಂದಲೇ.

ಅಂಕಿತಕ್ಕೆ ಬರೋಣ. ಪುರಂದರ ವಿಠಲ, ವಿಜಯ ವಿಠಲ, ಜಗನ್ನಾಥ ವಿಠಲ, ಕಾಗಿನೆಲೆಯಾದಿಕೇಶವ, ಹಯವದನ ಇವೆಲ್ಲ ಸಾಮಾನ್ಯವಾಗಿ ಕೊನೆಯ ಚರಣದಲ್ಲಿ ಬರುತ್ತವೆ. ಆದರೆ ಕೊನೆಯ ಸಾಲಿನಲ್ಲೇ ಇರಬೇಕೆಂದಿಲ್ಲ. ಹಾಗಾಗಿ ಕೊನೆಯ ಚರಣವನ್ನು ಪೂರ್ತಿ ಎತ್ತಿ, ಅದರಲ್ಲಿ ಇಂಥ ಅಂಕಿತ ಇದೆಯಾ ಅಂತ 'ಕಂಟೇನ್ಸ್' ಹಾಕಿ ಕೇಳಿದೆ. ಬಹುಪಾಲು ಹಾಡುಗಳು ತಮ್ಮ ದಾಸರ ಮನೆಗೆ ಸೇರಿಕೊಂಡವು. ಸೇರದವು ವಿಠಲ, ವಿಠ್ಠಲ ಎಂಬ ಬರವಣಿಗೆಯ ಭೇದದವು, ಮತ್ತೆ ವಿಭಕ್ತಿ ಹತ್ತಿ ರೂಪ ಬದಲಾದವು. ರೆಗ್ಯುಲರ್ ಎಕ್ಸ್‌ಪ್ರೆಷನ್ ನಿಜವಾಗಿ ಬೇಕಾಗುವುದು ಈ ಜಾಗದಲ್ಲಿ. ಅಂಥ ಹಾಡುಗಳ ಫೈಲಿನಲ್ಲಿ ಅಂಕಿತವನ್ನು ಕೈಯಾರೆ ಬರೆದಿಟ್ಟಿದ್ದೇನೆ.

ಈಗ ಅಕ್ಷರದ ವಿಷಯ. ಪಠ್ಯ ಮೊಟಕುಗೊಳಿಸುವ ಟ್ರಂಕೇಟ್, ತುಂಡು ತೆಗೆಯುವ ಸ್ಲೈಸ್, ಉದ್ದ ಎಣಿಸುವ ಸೈಜ್ ಈ ಮೂರೂ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಾವು ಅಕ್ಷರ ಅನ್ನುವುದನ್ನಲ್ಲ. 'ಕನ್ನಡ' ನಮಗೆ ಮೂರು ಅಕ್ಷರ, ಸೈಜ್ ಹೇಳುವುದು ಐದು: ಕ, ನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ನ, ಡ. 'ವಿಠ್ಠಲ'ವನ್ನು ನಾಲ್ಕಕ್ಕೆ ಕತ್ತರಿಸಿದರೆ ಉಳಿಯುವುದು 'ವಿಠ್'. ದೇವರ ಹೆಸರು ನಡುವೆ ತುಂಡಾಗಿ ಪುಟದಲ್ಲಿ ಕಾಣುವುದು ಯಾರಿಗೂ ಇಷ್ಟವಾಗದು. ಸಂಕ್ಷಿಪ್ತ ಮಾಡಬೇಕಾದರೆ 'ಟ್ರಂಕೇಟ್ ವರ್ಡ್ಸ್' ಬಳಸಿ, ಅದು ಪದಗಳ ನಡುವಿನ ಜಾಗ ನೋಡಿ ಕತ್ತರಿಸುತ್ತದೆ.

ಆದರೆ ಇದೇ ಗುಣ ಅಕಾರಾದಿಗೆ ವರವಾಗಿದೆ. ಹಾಡಿನ ಮೊದಲ ಸಾಲಿಗೆ ಸ್ಲೈಸ್ ಸೊನ್ನೆ ಅಂದರೆ ಮೊದಲ ಸಂಕೇತ ಒಂದೇ ಬರುತ್ತದೆ. ಕೃಷ್ಣ, ಕೇಶವ, ಕೈಲಾಸ ಏನೇ ಇರಲಿ, ಸಿಗುವುದು 'ಕ'. 'ಶ್ರೀ' ಎಂದು ಶುರುವಾಗುವುದೆಲ್ಲ 'ಶ'. ನಮ್ಮ ನಿಘಂಟಿನಲ್ಲಿ ಇರಬೇಕಾದ ತಲೆಬರಹ ಇದೇ ತಾನೆ! ಜೆಕಿಲ್‌ನ 'ಗ್ರೂಪ್ ಬೈ ಎಕ್ಸ್‌ಪ್ರೆಷನ್' ಫಿಲ್ಟರಿಗೆ ಇದನ್ನು ಕೊಟ್ಟರೆ ಹಾಡುಗಳು ವರ್ಗ ವರ್ಗವಾಗಿ ಬಂದು ನಿಲ್ಲುತ್ತವೆ. ಸಾರ್ಟ್ ಮಾಡಿದ ಕ್ರಮವೂ ಹೆಚ್ಚುಕಡಿಮೆ ವರ್ಣಮಾಲೆಯದೇ. ಯೂನಿಕೋಡ್ ಪಟ್ಟಿಯಲ್ಲಿ 'ಳ' ಬಂದಿರುವುದು 'ಲ'ದ ಪಕ್ಕ, 'ವ'ಕ್ಕಿಂತ ಮುಂಚೆ. ನಮ್ಮ ಮಾಲೆಯಲ್ಲಿ ಅದು ಹಕಾರದ ಆಚೆ. ಳಕಾರದಿಂದ ಕನ್ನಡ ಪದ ಶುರುವಾಗದ ಕಾರಣ ತಲೆಬರಹಗಳಿಗೆ ಧಕ್ಕೆ ಇಲ್ಲ, ಒಳಗಿನ ಕ್ರಮದಲ್ಲಿ ಅಲ್ಲೊಂದು ಇಲ್ಲೊಂದು ಹಿಂದುಮುಂದಾಗುತ್ತದೆ.

ಜೆಕಿಲ್‌ನಂಥ ಬೇರೆ ಸಲಕರಣೆಗಳನ್ನೂ ನೋಡಿದೆ. ಹ್ಯೂಗೋದಲ್ಲಿ ಸಾಲು ಮುರಿತಕ್ಕೆ ನೇರವಾಗಿ ಸ್ಪ್ಲಿಟ್ ಹಾಕಬಹುದು, ಫೈಂಡ್ ಆರ್‌ಇ, ರಿಪ್ಲೇಸ್ ಆರ್‌ಇ ಎಂದು ರೆಗ್ಯುಲರ್ ಎಕ್ಸ್‌ಪ್ರೆಷನ್ ಕೂಡ ಇದೆ. ವಿಠಲನ ಎರಡೂ ರೂಪ ಒಂದೇ ಏಟಿಗೆ ಸಿಗುತ್ತವೆ. ಆದರೆ ಅದರ ಟೆಂಪ್ಲೇಟಿನಲ್ಲಿ ಫಂಕ್ಷನ್ ಹೆಸರು ಮೊದಲು, ಪಠ್ಯ ಆಮೇಲೆ, ಒಂದರೊಳಗೊಂದು ಕಂಸ. ಪ್ರೋಗ್ರಾಮರ್ ಅಲ್ಲದವರಿಗೆ ಅದನ್ನು ತೋರಿಸಿ ವಿವರಿಸುವುದು ಕಷ್ಟ. ಇಲೆವೆಂಟಿಯಲ್ಲಿ ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ನಮ್ಮ ಫಿಲ್ಟರ್ ನಾವೇ ಬರೆಯಬಹುದು. ಅಕ್ಷರ ಲೆಕ್ಕದ ಕೆಲಸ ಜಾಸ್ತಿ ಇರುವವರು ಅದನ್ನೇ ಹಿಡಿಯಲಿ. ಜೆಕಿಲ್‌ನಲ್ಲೂ ರೂಬಿಯಲ್ಲಿ ಪ್ಲಗಿನ್ ಬರೆದು ಹೊಸ ಫಿಲ್ಟರ್ ಸೇರಿಸಬಹುದು. ಆದರೆ ಗಿಟ್‌ಹಬ್‌ನಲ್ಲಿ ಸೈಟ್ ಇಡುವ ಸೇವೆ ಗಿಟ್‌ಹಬ್ ಪೇಜಸ್ ತಾನೇ ಬಿಲ್ಡ್ ಮಾಡುವಾಗ (ಫೈಲುಗಳಿಂದ ಪುಟ ತಯಾರಿಸುವಾಗ) ಅಂಥ ಸ್ವಂತ ಪ್ಲಗಿನ್‌ಗಳನ್ನು ಓಡಿಸುವುದಿಲ್ಲ, ಕೆಲಸಗಳನ್ನು ತಾನಾಗಿ ನಡೆಸಿಕೊಡುವ ಗಿಟ್‌ಹಬ್ ಆಕ್ಷನ್ಸ್ ಮೂಲಕ ಬಿಲ್ಡ್ ಮಾಡಿಕೊಳ್ಳಬೇಕು.

ಖರ್ಚಿನ ಮಾತು: ಜೆಕಿಲ್ ಎಂಐಟಿ ಪರವಾನಗಿಯಲ್ಲಿ ಉಚಿತ. ವಿಂಡೋಸ್‌ಗೆ ಅಧಿಕೃತ ಬೆಂಬಲ ಇಲ್ಲ, ರೂಬಿ ಇನ್‌ಸ್ಟಾಲರ್ ಹಾಕಿಕೊಂಡು ನಡೆಸಬಹುದು. ಹಾಡುಗಳು ಹಳೆಯ ನುಡಿ ಫೈಲಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಯಾವ ಫಿಲ್ಟರಿಗೂ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ನಾನು ಮೇಲೆ ಹೇಳಿದ ಯಾವುದಕ್ಕೂ ಪ್ಲಗಿನ್ ಬೇಕಾಗಿಲ್ಲ. ಪ್ರತಿ ಚರಣದ ಕೆಳಗೆ ತೆಳು ಬಣ್ಣದಲ್ಲಿ ಪಲ್ಲವಿಯ ಮೊದಲ ಸಾಲು ಬರುತ್ತಿದೆ, ಅಮ್ಮನ ಮುಂದಿನ ಬೇಡಿಕೆ ರಾಗದ ಪ್ರಕಾರ ಇನ್ನೊಂದು ಪಟ್ಟಿ. ಅದಕ್ಕೆ ಸ್ಪ್ಲಿಟ್ ಕೂಡ ಬೇಡ, ಫೈಲಿನ ತಲೆಯಲ್ಲಿ ಬರೆದಿಟ್ಟ ರಾಗದ ಹೆಸರೇ ಸಾಕು.