ಕ್ರೂಸ್ ಹೊರಟಿದ್ದೀರಾ? ಔಷಧಿ ಇರುವ ಚೀಲವನ್ನು ಯಾರ ಕೈಗೂ ಕೊಡಬೇಡಿ

ಸಿಂಗಾಪುರದಿಂದ ಕ್ರೂಸ್ ಹೋಗುವವರು ನಮ್ಮ ಕಡೆ ಈಗ ಜಾಸ್ತಿ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ವಿಮಾನ. ಮರೀನಾ ಬೇ ಟರ್ಮಿನಲ್‌ನಲ್ಲಿ ಹಡಗು ಹತ್ತಿದರೆ ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್. ವಯಸ್ಸಾದವರನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಸುಲಭದ ಪ್ರವಾಸ ಇಲ್ಲ ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಊರಿಗೊಂದು ಹೋಟೆಲ್ ಬದಲಿಸಬೇಕಿಲ್ಲ, ದಿನಾ ಪೆಟ್ಟಿಗೆ ಬಿಚ್ಚಿ ಕಟ್ಟುವ ರಗಳೆ ಇಲ್ಲ. ಅದು ನಿಜ. ಆದರೆ ಆ ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು, ಯಾವುದು ಕೈಯಲ್ಲೇ ಇರಬೇಕು ಎಂದು ಹೇಳುವವರು ಕಡಿಮೆ. ನಮಗೆ ಹೇಳಿದವರು ತಪ್ಪು ಹೇಳಿದರು. ಅದರಿಂದ ನಮ್ಮ ಅತ್ತೆಯವರು ಮಧ್ಯಾಹ್ನದಿಂದ ಸಂಜೆಯವರೆಗೆ ಇನ್ಸುಲಿನ್ ಇಲ್ಲದೆ ಒದ್ದಾಡಬೇಕಾಯಿತು. ಬೇರೆ ಯಾರ ಮನೆಯ ಹಿರಿಯರಿಗೂ ಹೀಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಬುಕಿಂಗ್ ಮಾಡಿಸಿದ ಟ್ರಾವೆಲ್ ಏಜೆನ್ಸಿಯವರು ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದ್ದರು. ಎಲೆಕ್ಟ್ರಿಕ್ ಕೆಟಲ್, ಎಕ್ಸ್‌ಟೆನ್ಷನ್ ಬಾಕ್ಸ್, ಚಿಕ್ಕ ಇಸ್ತ್ರಿಪೆಟ್ಟಿಗೆ, ಹಣ್ಣು ಹೆಚ್ಚಲು ಚಾಕು, ತಿಂಡಿ, ಔಷಧಿ. ನೆಲದ ಮೇಲಿನ ಗ್ರೂಪ್ ಟೂರ್‌ಗಳಿಗೆ ಅವರು ಕೊಡುವ ಪಟ್ಟಿಯೂ ಇದೇ ಎಂದು ಆಮೇಲೆ ಗೊತ್ತಾಯಿತು. ಹಡಗಿಗೆ ಅಂತ ಒಂದು ಸಾಲನ್ನೂ ಬದಲಿಸಿರಲಿಲ್ಲ. ಅದರ ಮೊದಲ ನಾಲ್ಕು ಸಾಮಾನುಗಳಲ್ಲಿ ಒಂದನ್ನೂ ನಾವು ಹತ್ತಿದ ಹಡಗಿನಲ್ಲಿ ಒಳಗೆ ಬಿಡುವುದಿಲ್ಲ!

ಅತ್ತೆಯವರಿಗೆ ಆಗಾಗ ಬಿಸಿನೀರು ಬೇಕು. ಹಾಗಾಗಿ ಕೆಟಲ್ ಅವರ ಪುಟ್ಟ ಟ್ರಾಲಿ ಬ್ಯಾಗಿನಲ್ಲಿತ್ತು. ಇನ್ಸುಲಿನ್, ಸೂಜಿ, ಶುಗರ್ ನೋಡುವ ಮೆಷಿನ್ ಎಲ್ಲವೂ ಅದರಲ್ಲೇ. ವಿಮಾನದಲ್ಲಿ ಆ ಬ್ಯಾಗು ಅವರ ಕಾಲ ಬಳಿಯೇ ಇತ್ತು. ಇನ್ಸುಲಿನ್ ಅನ್ನು ಚೆಕ್-ಇನ್ ಲಗೇಜಿಗೆ ಹಾಕಬಾರದು, ಕೆಳಗಿನ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು ಎಂದು ನಮ್ಮ ಡಾಕ್ಟರ್ ಹೇಳಿ ಕಳಿಸಿದ್ದರು. ವಿಮಾನದವರೆಗೆ ಎಲ್ಲ ಸರಿಯಾಗಿಯೇ ನಡೆಯಿತು.

ಟರ್ಮಿನಲ್‌ಗೆ ಬಂದಾಗ ಏಜೆನ್ಸಿಯ ಪ್ರತಿನಿಧಿ ಬಾಗಿಲಲ್ಲೇ ಲಗೇಜ್ ಟ್ಯಾಗ್ ಹಿಡಿದು ನಿಂತಿದ್ದರು. ದೊಡ್ಡ ಸೂಟ್‌ಕೇಸ್‌ಗಳಿಗೆ ಕಟ್ಟಿದರು. ಆಮೇಲೆ ಅತ್ತೆಯವರ ಟ್ರಾಲಿಗೂ ಕೈ ಹಾಕಿದರು.

"ಅದರಲ್ಲಿ ಔಷಧಿ ಇದೆ ಕಣಪ್ಪ, ನನ್ನ ಹತ್ರಾನೇ ಇರಲಿ" ಎಂದರು ಅತ್ತೆ.

"ನಿಮಗ್ಯಾಕಮ್ಮ ಭಾರ? ಅರ್ಧ ಗಂಟೇಲಿ ಸೀದಾ ರೂಮಿಗೇ ಬರುತ್ತೆ. ಎಲ್ಲರೂ ಕೊಡ್ತಿದ್ದಾರೆ, ನೋಡಿ."

ನಾನೂ ಬೇಡ ಎಂದೆ. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಮಾತು ಮುಗಿಸುವ ಮೊದಲೇ ಟ್ಯಾಗ್ ಕಟ್ಟಿ ಬ್ಯಾಗನ್ನು ಗಾಡಿಗೆ ಹಾಕಿಬಿಟ್ಟರು. ಅದು ಒಳಗೆ ಹೋಗಿಯೇಬಿಟ್ಟಿತು.

ಅರ್ಧ ಗಂಟೆ ಅನ್ನುವುದು ಶುದ್ಧ ಸುಳ್ಳು. ದೊಡ್ಡ ಹಡಗಿಗೆ ಸಾವಿರಾರು ಜನ ಒಂದೇ ದಿನ ಹತ್ತುತ್ತಾರೆ. ಅಷ್ಟೂ ಜನರ ಪೆಟ್ಟಿಗೆಗಳನ್ನು ಎಕ್ಸ್‌ರೇ ಮಾಡಿ, ಅಂತಸ್ತಿನ ಪ್ರಕಾರ ವಿಂಗಡಿಸಿ, ಕೋಣೆ ಕೋಣೆಯ ಬಾಗಿಲಿಗೆ ತಂದಿಡಬೇಕು. ಮಧ್ಯಾಹ್ನ ಕೊಟ್ಟ ಬ್ಯಾಗು ಸಂಜೆಗೆ ಬಂದರೆ ಅದು ಸಾಮಾನ್ಯ, ಕೆಲವು ರಾತ್ರಿ ಊಟದ ಹೊತ್ತಿಗೆ ಬರುತ್ತವೆ. ಇನ್ನೊಂದು ಮುಖ್ಯ ವಿಷಯ: ಎಕ್ಸ್‌ರೇಯಲ್ಲಿ ಕೆಟಲ್, ಇಸ್ತ್ರಿಪೆಟ್ಟಿಗೆಯಂಥದ್ದು ಕಂಡರೆ ಆ ವಸ್ತುವನ್ನು ಮಾತ್ರ ತೆಗೆದಿಟ್ಟು ಉಳಿದದ್ದನ್ನು ಕಳಿಸುವುದಿಲ್ಲ. ಇಡೀ ಬ್ಯಾಗನ್ನೇ ಸೆಕ್ಯುರಿಟಿಯವರು ಇಟ್ಟುಕೊಳ್ಳುತ್ತಾರೆ. ನಾವೇ ಹೋಗಿ, ಅವರ ಎದುರು ಬೀಗ ತೆಗೆದು ತೋರಿಸಬೇಕು. ಕೆಟಲ್ ಜೊತೆಗೆ ಇನ್ಸುಲಿನ್ ಕೂಡ ಅಲ್ಲಿ ಸಿಕ್ಕಿಬಿದ್ದದ್ದು ಹೀಗೆ.

ಒಂದು ಗಂಟೆಗೆ ಊಟ ಶುರು. ಅತ್ತೆಯವರು ಊಟಕ್ಕೆ ಮುಂಚೆ ಚುಚ್ಚಿಕೊಳ್ಳಬೇಕು. ಕೌಂಟರಿನಲ್ಲಿ ಕೇಳಿದರೆ "ಕಾಯಿರಿ, ಬ್ಯಾಗು ಬರುತ್ತದೆ" ಎಂದರು. ಮತ್ತೆ ಕೇಳಿದೆವು, ಅದೇ ಉತ್ತರ. ಹಸಿವು ತಡೆಯದೆ ಅತ್ತೆ ಸ್ವಲ್ಪ ಮೊಸರನ್ನ ತಿಂದರು. ಅಷ್ಟರಲ್ಲಿ ಸುರಕ್ಷತಾ ಡ್ರಿಲ್‌ಗೆ, ಅಂದರೆ ಅಪಾಯ ಬಂದಾಗ ಏನು ಮಾಡಬೇಕೆಂದು ತೋರಿಸುವ ತಾಲೀಮಿಗೆ, ಕರೆ ಬಂತು. ಅದನ್ನು ತಪ್ಪಿಸುವ ಹಾಗಿಲ್ಲ, ತಪ್ಪಿಸಲೂಬಾರದು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿ 32 ಜನ ಸತ್ತರು. ಆ ದಿನ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಡ್ರಿಲ್ಲೇ ಆಗಿರಲಿಲ್ಲ. ಆಮೇಲೆ ಅಂತಾರಾಷ್ಟ್ರೀಯ ನಿಯಮ ಬದಲಾಯಿತು. 2015ರಿಂದ, ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಡ್ರಿಲ್ ಮುಗಿಯಲೇಬೇಕು. ಇದು ಒಳ್ಳೆಯ ನಿಯಮ. ಆದರೆ ಔಷಧಿ ಕೈಯಲ್ಲಿಲ್ಲದವರಿಗೆ ಅಲ್ಲಿ ಕಳೆಯುವ ಒಂದೊಂದು ನಿಮಿಷವೂ ಭಯ.

ಡ್ರಿಲ್ ಮುಗಿಯುವಷ್ಟರಲ್ಲಿ ಅತ್ತೆಯವರ ಬಾಯಿ ಒಣಗಿ, ತಲೆ ಸುತ್ತಲು ಶುರುವಾಗಿತ್ತು. ನೇರ ಹಡಗಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಶುಗರ್ 300 ದಾಟಿತ್ತು. ಅಲ್ಲಿನ ಡಾಕ್ಟರ್ ತಮ್ಮಲ್ಲಿದ್ದ ಇನ್ಸುಲಿನ್ ಕೊಟ್ಟರು. ತುಂಬಾ ಒಳ್ಳೆಯ ಮನುಷ್ಯ, ಗಾಬರಿಯಾಗಿದ್ದ ಅತ್ತೆಯವರ ಕೈ ಹಿಡಿದು ಕೂತಿದ್ದರು. ಬಿಲ್ ಮಾತ್ರ ಡಾಲರ್‌ನಲ್ಲಿ ನಮ್ಮ ರೂಮಿನ ಲೆಕ್ಕಕ್ಕೆ ಬಂತು. ಹಡಗಿನ ಆಸ್ಪತ್ರೆ ನಮ್ಮ ಊರಿನ ಕ್ಲಿನಿಕ್ ಅಲ್ಲ, ಸುಮ್ನೆ ನೋಡಿದ್ದಕ್ಕೂ ದೊಡ್ಡ ಮೊತ್ತ ಬೀಳುತ್ತದೆ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಹಡಗಿನಲ್ಲಿ ಪಡೆದ ಚಿಕಿತ್ಸೆಗೂ ಹಣ ಕೊಡುತ್ತಾರಾ ಎಂದು ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಪಾಲಿಸಿ ಕಾಗದದ ಪ್ರತಿಯೂ ಕೈಚೀಲದಲ್ಲೇ ಇರಲಿ.

ಟ್ರಾಲಿ ಸಿಕ್ಕಿದ್ದು ರಾತ್ರಿ. ಉಳಿದೆಲ್ಲ ಪೆಟ್ಟಿಗೆ ಬಂದವು, ಅದೊಂದು ಬರಲಿಲ್ಲ. ನಮ್ಮ ಮನೆಯವರು ಕೆಳಗಿನ ಅಂತಸ್ತಿನ ಸೆಕ್ಯುರಿಟಿ ಕೋಣೆಗೆ ಹೋದರು. ಅಲ್ಲಿ ಸಾಲುಸಾಲಾಗಿ ಕೆಟಲ್, ರೈಸ್ ಕುಕ್ಕರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ. ಬಹಳಷ್ಟು ನಮ್ಮ ದೇಶದವರದ್ದೇ. ಚೀಟಿ ಕೊಟ್ಟು ಇಟ್ಟುಕೊಳ್ಳುತ್ತಾರೆ, ಇಳಿಯುವ ದಿನ ವಾಪಸ್ ಕೊಡುತ್ತಾರೆ.

ಅವರ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಜಾಗ ಇಲ್ಲ. 2006ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಕೋಣೆಗಳು ಹಾಳಾದವು, ಒಬ್ಬ ಪ್ರಯಾಣಿಕರು ತೀರಿಕೊಂಡರು. ಸರಿಯಾಗಿ ಆರಿಸದೆ ಎಸೆದ ಸಿಗರೇಟ್ ತುಂಡು ಅದಕ್ಕೆ ಕಾರಣ ಇರಬೇಕು ಎಂದು ತನಿಖೆ ಹೇಳಿತು. ಸಿಗರೇಟ್ ತುಂಡಿಗೇ ಹೀಗಾದರೆ ಇಸ್ತ್ರಿಪೆಟ್ಟಿಗೆ ಆನ್ ಮಾಡಿ ಮರೆತವರ ಕಥೆ ಏನಾಗಬೇಕು ಹೇಳಿ? ಎಕ್ಸ್‌ಟೆನ್ಷನ್ ಬಾಕ್ಸ್‌ಗೂ ಕಾರಣ ಇದೆ. ಹಡಗಿನ ವೈರಿಂಗ್ ಮನೆಯ ಹಾಗಲ್ಲ, ಅರ್ಥಿಂಗ್ ವ್ಯವಸ್ಥೆಯೇ ಬೇರೆ. ಸರ್ಜ್ ಪ್ರೊಟೆಕ್ಟರ್ (ಕರೆಂಟ್ ದಿಢೀರ್ ಏರಿದರೆ ತಡೆಯುವ ಸಾಧನ) ಇರುವ ಬಾಕ್ಸ್ ಅಲ್ಲಿ ಬಿಸಿಯಾಗಿ ಬೆಂಕಿ ಹೊತ್ತಬಹುದು ಎಂದು ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಎಚ್ಚರಿಕೆ ಕೊಟ್ಟಿದೆ. ನನ್ನ ಸಿಟ್ಟೆಲ್ಲ ಇದು ಗೊತ್ತಿದ್ದೂ, ಅಥವಾ ಗೊತ್ತು ಮಾಡಿಕೊಳ್ಳದೆ, ಹಣ ತೆಗೆದುಕೊಂಡು ತಪ್ಪು ಪಟ್ಟಿ ಕಳಿಸುವವರ ಮೇಲೆ. ಹಡಗಿನ ಕಂಪನಿಗಳು ನಿಷೇಧಿತ ವಸ್ತುಗಳ ಪಟ್ಟಿಯನ್ನು ತಮ್ಮ ವೆಬ್‌ಸೈಟ್‌ನಲ್ಲೇ ಹಾಕಿರುತ್ತವೆ. ಅದನ್ನು ಓದಿ ಕಳಿಸಲು ಏಜೆನ್ಸಿಯವರಿಗೆ ಹತ್ತು ನಿಮಿಷ ಸಾಕಿತ್ತು.

ಹಾಗಾಗಿ ಮೊದಲ ಮಾತು. ವಿಮಾನಕ್ಕೆ ಕಟ್ಟಿದ ಚೀಲ ಬೇರೆ, ಹಡಗಿಗೆ ಕಟ್ಟುವ ಚೀಲ ಬೇರೆ. ಸಿಂಗಾಪುರದಲ್ಲಿ ಇಳಿದ ಮೇಲೆ, ಟರ್ಮಿನಲ್‌ಗೆ ಹೋಗುವ ಮುಂಚೆ, ಒಂದು ಸಲ ಎಲ್ಲ ಬಿಚ್ಚಿ ಬದಲಿಸಿಕೊಳ್ಳಿ. ಬೆನ್ನಿಗೆ ಹಾಕಿಕೊಳ್ಳುವ ಒಂದು ಚೀಲ ಸಾಕು. ಪಾಸ್‌ಪೋರ್ಟ್, ಅದರ ಜೆರಾಕ್ಸ್, ಬೋರ್ಡಿಂಗ್ ಕಾಗದ, ಆ ದಿನದ ಮತ್ತು ಮರುದಿನದ ಅಷ್ಟೂ ಔಷಧಿ, ಕನ್ನಡಕ, ಚಾರ್ಜರ್, ಒಂದು ಜೊತೆ ಬಟ್ಟೆ, ಒಂದು ಶಾಲು. ಪಾಸ್‌ಪೋರ್ಟನ್ನು ಕೆಲವು ಹಡಗಿನವರು ಹತ್ತುವಾಗಲೇ ತೆಗೆದಿಟ್ಟುಕೊಂಡು ಕೊನೆಗೆ ಕೊಡುತ್ತಾರೆ, ಜೆರಾಕ್ಸ್ ಬೇಕಾಗುವುದು ಅದಕ್ಕೇ. ಮಕ್ಕಳಿದ್ದರೆ ಈಜುಡುಗೆಯನ್ನೂ ಅದರಲ್ಲೇ ಇಡಿ. ಮೊದಲ ದಿನ ಮಧ್ಯಾಹ್ನ ಈಜುಕೊಳ ಖಾಲಿ ಇರುತ್ತದೆ. ನೀರು ಕಂಡ ಮಗು ಪೆಟ್ಟಿಗೆ ಬರುವವರೆಗೆ ಅಳುತ್ತಾ ಕೂರುವುದನ್ನು ನೋಡಲಾಗದು. ಈ ಚೀಲ ಕೊಡಿ ಎಂದು ಯಾರೇ ಕೇಳಲಿ, ಎಷ್ಟೇ ಗೌರವದಿಂದ ಕೇಳಲಿ, ಕೊಡಬೇಡಿ.

ಔಷಧಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಿಕೊಂಡು ಹೋಗುವ ಅಭ್ಯಾಸ ನಮ್ಮ ಹಿರಿಯರಲ್ಲಿ ಇದೆ. ವಿದೇಶಕ್ಕೆ ಅದು ಬೇಡ. ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಸಮೇತ ಇರಲಿ. ಸಿಂಗಾಪುರದಲ್ಲಿ ಸ್ವಂತ ಬಳಕೆಗೆ ಮೂರು ತಿಂಗಳಿಗೆ ಆಗುವಷ್ಟು ಔಷಧಿ ಒಯ್ಯಬಹುದು. ಆದರೆ ಕೊಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ನಿದ್ದೆ ಮಾತ್ರೆ, ಕೆಲವು ನೋವಿನ ಮಾತ್ರೆಗಳಿಗೆ ಅಲ್ಲಿನ ಹೆಲ್ತ್ ಸೈನ್ಸಸ್ ಅಥಾರಿಟಿಯ ಅನುಮತಿಯನ್ನು ಮೊದಲೇ ಪಡೆಯಬೇಕಾಗುತ್ತದೆ. ನಿಮ್ಮ ಡಾಕ್ಟರನ್ನು ಕೇಳಿ, ಆ ಸಂಸ್ಥೆಯ ವೆಬ್‌ಸೈಟ್ ನೋಡಿ. ಗುಟ್ಕಾ, ಜರ್ದಾ, ಇ-ಸಿಗರೇಟ್ ಮೂರೂ ಸಿಂಗಾಪುರದಲ್ಲಿ ನಿಷೇಧ, ಚ್ಯೂಯಿಂಗ್ ಗಮ್ ಕೂಡ ತರುವ ಹಾಗಿಲ್ಲ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುವ ತಾತಂದಿರಿದ್ದರೆ ಅವರ ಚೀಲವನ್ನು ಹೊರಡುವ ಮುಂಚೆ ನೀವೇ ಒಂದು ಸಲ ನೋಡಿ.

ಇನ್ಸುಲಿನ್ ಇಡಲು ಕೋಣೆಯ ಪುಟ್ಟ ಫ್ರಿಜ್ ನಂಬಬೇಡಿ. ಎಷ್ಟೋ ಹಡಗುಗಳಲ್ಲಿ ಅದು ಪಾನೀಯ ತಣ್ಣಗಿಡುವ ಪೆಟ್ಟಿಗೆ ಮಾತ್ರ. ಬುಕಿಂಗ್ ಮಾಡುವಾಗಲೇ ಹೇಳಿದರೆ ಔಷಧಿಗೆ ಬೇರೆ ವ್ಯವಸ್ಥೆ ಮಾಡುತ್ತಾರೆ, ಬಳಸಿದ ಸೂಜಿ ಹಾಕಲು ಡಬ್ಬಿಯನ್ನೂ ಕೊಡುತ್ತಾರೆ. ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಮೆಷಿನ್ ಹಾಕಿಕೊಳ್ಳುವವರೂ ಮೊದಲೇ ತಿಳಿಸಬೇಕು. ಅವರಿಗೆ ಎಕ್ಸ್‌ಟೆನ್ಷನ್ ವೈರು ಬೇಕಾದರೆ ಹಡಗಿನವರೇ ತಮ್ಮದನ್ನು ಕೊಡುತ್ತಾರೆ. ವಾಂತಿ ಮಾತ್ರೆ ಹಡಗು ಅಲುಗಾಡಿದ ಮೇಲೆ ತೆಗೆದುಕೊಂಡರೆ ಅಷ್ಟು ಕೆಲಸ ಮಾಡುವುದಿಲ್ಲ, ಮುಂಚೆಯೇ ತೆಗೆದುಕೊಳ್ಳಬೇಕು. ಅದು ಮಂಪರು ತರುತ್ತದೆ. ವಯಸ್ಸಾದವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಮಲಕ್ಕಾ ಜಲಸಂಧಿ ಸಾಮಾನ್ಯವಾಗಿ ಶಾಂತವಾಗಿಯೇ ಇರುತ್ತದೆ, ಹೆದರಬೇಕಿಲ್ಲ.

ಬಟ್ಟೆಯ ವಿಷಯದಲ್ಲಿ ಹೇಳುವುದು ಇಷ್ಟೆ: ಇಸ್ತ್ರಿ ಬೇಡದ ಬಟ್ಟೆ. ಗಂಜಿ ಹಾಕಿದ ಕಾಟನ್ ಸೀರೆ ಪೆಟ್ಟಿಗೆಯಲ್ಲಿ ಮುದುಡಿದರೆ ಅಲ್ಲಿ ದುಡ್ಡು ಕೊಟ್ಟು ಇಸ್ತ್ರಿ ಮಾಡಿಸಬೇಕು. ಡೆಕ್ ಮೇಲೆ ಗಾಳಿ ಜೋರು, ಸೀರೆಗೆ ಸೇಫ್ಟಿ ಪಿನ್ ಜಾಸ್ತಿ ಇರಲಿ. ಒಳಗೆ ಏಸಿ ಎಷ್ಟು ತಣ್ಣಗಿರುತ್ತದೆ ಎಂದರೆ ಹೊರಗೆ ಬೆವರಿದವರು ಒಳಗೆ ಬಂದು ನಡುಗುತ್ತಾರೆ. ಚಪ್ಪಲಿ ಹಿಂದೆ ಪಟ್ಟಿ ಇರುವಂಥದ್ದೇ ಬೇಕು. ಪೆನಾಂಗ್‌ನಲ್ಲಿ ಹಡಗು ದಡಕ್ಕೇ ಬಂದು ನಿಲ್ಲುತ್ತದೆ. ಫುಕೆಟ್‌ನ ಪಟಾಂಗ್ ಕಡೆ ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕುತ್ತವೆ, ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಅಲುಗಾಡುವ ದೋಣಿಗೆ ಕಾಲಿಡುವಾಗ ಹವಾಯಿ ಚಪ್ಪಲಿ ಜಾರಿದರೆ ಹಿರಿಯರ ಸೊಂಟಕ್ಕೇ ಪೆಟ್ಟು.

ಮನೆಯಲ್ಲಿ ಮಾಡಿದ ಚಕ್ಕುಲಿ, ಕೋಡುಬಳೆಯನ್ನು ಅನೇಕ ಹಡಗುಗಳು ಬಿಡುವುದಿಲ್ಲ. ಅಂಗಡಿಯ ಸೀಲ್ ಇರುವ ಪೊಟ್ಟಣಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬಿಸಿನೀರು ಊಟದ ಹಾಲ್‌ನಲ್ಲಿ ಸಿಗುತ್ತದೆ, ಒಂದು ಫ್ಲಾಸ್ಕ್ ಇದ್ದರೆ ಕೆಟಲ್ ಬೇಡವೇ ಬೇಡ. ಇದೊಂದು ಮಾತನ್ನು ಏಜೆನ್ಸಿಯವರು ಹೇಳಿದ್ದರೂ ಅತ್ತೆಯವರ ಟ್ರಾಲಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಕೋಣೆಯ ಸಾಕೆಟ್‌ಗಳಿಗೆ ನಮ್ಮ ಮೂರು ಪಿನ್ನಿನ ಪ್ಲಗ್ ಕೂರುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಬದಲು ಎರಡು ಮೂರು ಯುಎಸ್‌ಬಿ ಕಿಂಡಿ ಇರುವ ಒಂದು ಚಾರ್ಜರ್, ಒಂದು ಸಾದಾ ಅಡಾಪ್ಟರ್ ಸಾಕು.

ಇಳಿಯುವ ಹಿಂದಿನ ರಾತ್ರಿ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಮಲಗುವ ಮುಂಚೆ ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಇಡಲು ಹೇಳುತ್ತಾರೆ. ರಾತ್ರಿಯೇ ತೆಗೆದುಕೊಂಡು ಹೋಗುತ್ತಾರೆ, ಮತ್ತೆ ಸಿಗುವುದು ಬೆಳಿಗ್ಗೆ ಟರ್ಮಿನಲ್‌ನಲ್ಲಿ. ಪಕ್ಕದ ಕೋಣೆಯಲ್ಲಿದ್ದ ಹುಬ್ಬಳ್ಳಿಯ ಕುಟುಂಬಕ್ಕೂ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಅವರು ಬೆಳಗಿನ ಬಟ್ಟೆ, ಬಿಪಿ ಮಾತ್ರೆ ಎಲ್ಲ ಪೆಟ್ಟಿಗೆಗೇ ಹಾಕಿ ಕಳಿಸಿ, ರಾತ್ರಿ ಉಟ್ಟ ಬಟ್ಟೆಯಲ್ಲೇ ಇಳಿದರು. ಪೆಟ್ಟಿಗೆ ನೀವೇ ಎಳೆದುಕೊಂಡು ಇಳಿಯಲು ಎಷ್ಟೋ ಹಡಗುಗಳಲ್ಲಿ ಅವಕಾಶ ಇದೆ, ಹಿಂದಿನ ದಿನವೇ ಕೌಂಟರಿನಲ್ಲಿ ಹೇಳಿರಬೇಕು. ಆಗದಿದ್ದರೆ ಬೆಳಗಿನ ಔಷಧಿ, ಬಟ್ಟೆ, ಪಾಸ್‌ಪೋರ್ಟ್ ಇರುವ ಆ ಬೆನ್ನಿನ ಚೀಲವನ್ನು ಮಂಚದ ಮೇಲೆ ತೆಗೆದಿಟ್ಟುಕೊಂಡು, ಆಮೇಲೆ ಪೆಟ್ಟಿಗೆಗೆ ಬೀಗ ಹಾಕಿ.