ಹಳೇ ಕಟ್ಟಡದಲ್ಲಿ ಸಹಕಾರಿ ದಿನಸಿ ಅಂಗಡಿ: ಕೆಲವು ವರ್ಷ ಸದಸ್ಯನಾಗಿದ್ದು ಬರೆದದ್ದು

ಬಾಗಿಲು ತೆರೆದ ಹೊಸತರಲ್ಲಿ ಈ ಅಂಗಡಿಗೆ ಸಿಕ್ಕ ಹೊಗಳಿಕೆಯೆಲ್ಲ ಕಟ್ಟಡದ ಪಾಲಿಗೇ ಹೋಯಿತು. ಎತ್ತರದ ಚಾವಣಿ, ಮರದ ತೊಲೆಗಳು, ಕಮಾನಿನ ಬಾಗಿಲು. ಚೆಂದವೇನೋ ಹೌದು. ಆದರೆ ಷೇರು ಕೊಂಡು, ಪಾಳಿಯಲ್ಲಿ ಮೂಟೆ ಹೊತ್ತು, ಇಷ್ಟು ವರ್ಷ ಇಲ್ಲೇ ದಿನಸಿ ತಂದವನ ಲೆಕ್ಕದಲ್ಲಿ, ಈ ಸಂಘದ ಅತಿ ದುಬಾರಿ ಸದಸ್ಯ ಆ ಕಟ್ಟಡವೇ.

ಗೋಡೆಯನ್ನೇ ನೋಡಿ. ಹಳೇ ಸುಣ್ಣದ ಗಾರೆ ತೇವ ಹೀರಿಕೊಂಡು ಮತ್ತೆ ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು, ಉಪ್ಪು ಎದ್ದು, ಇಟ್ಟಿಗೆ ಉದುರುತ್ತದೆ. ಇಲ್ಲಿ ದುರಸ್ತಿ ಮಾಡಿದವರು ಸುಣ್ಣವನ್ನೇ ಬಳಸಿದರು. ಅದು ಗಟ್ಟಿಯಾಗಲು ಸಮಯ ಬೇಕು, ಹಾಗಾಗಿ ಉದ್ಘಾಟನೆ ಮುಂದೆ ಹೋಯಿತು, ತುಂಬ ಜನ ಗೊಣಗಿದರು. ಈಗ ಗೋಡೆ ಸರಿಯಾಗಿದೆ. ಆದರೆ ಹಾಗೆ ತೇವ ಆಡುವ ಗೋಡೆಗೆ ಧಾನ್ಯದ ಚೀಲ ಒರಗಿಸುವಂತಿಲ್ಲ. ಕಪಾಟುಗಳೆಲ್ಲ ಗೋಡೆಯಿಂದ ಒಂದಿಷ್ಟು ದೂರ, ಚೀಲಗಳು ಹಲಗೆಯ ಮೇಲೆ. ಮೊದಲೇ ಕಿರಿದಾದ ಜಾಗ, ಇನ್ನಷ್ಟು ಕಿರಿದು. ಮಳೆಗಾಲದಲ್ಲಿ ಹಿಂದಿನ ಸಾಲಿನ ಹಿಟ್ಟಿನ ಪೊಟ್ಟಣವನ್ನು ನಾನು ಅಲುಗಾಡಿಸಿ ನೋಡದೆ ಬುಟ್ಟಿಗೆ ಹಾಕುವುದಿಲ್ಲ.

ಕೋಲ್ಡ್ ರೂಮ್ ಮಾತ್ರ ಜಾಣತನದ ಕೆಲಸ. ಗೋಡೆಗೆ ಮೊಳೆ ಹೊಡೆಯದೆ, ಕೋಣೆಯೊಳಗೆ ಪೆಟ್ಟಿಗೆಯ ಹಾಗೆ ಬಿಡಿಯಾಗಿ ನಿಲ್ಲಿಸಿದ್ದಾರೆ. ನಾಳೆ ತೆಗೆದರೂ ಕಟ್ಟಡಕ್ಕೆ ಗೀರು ಬೀಳದು. ಕಂಪ್ರೆಸರ್ ಹಿತ್ತಲಲ್ಲಿದೆ, ಸದ್ದಿನ ಬಗ್ಗೆ ನೆರೆಯವರ ತಕರಾರು ಇನ್ನೂ ಮುಗಿದಿಲ್ಲ. ಮುಂಬಾಗಿಲ ಮೆಟ್ಟಿಲು ಮುಟ್ಟುವಂತಿಲ್ಲವಾದ್ದರಿಂದ ರ‍್ಯಾಂಪ್ ಪಕ್ಕದ ಬಾಗಿಲಿಗೆ ಬಂತು. ಸರಕಿನ ಗಾಡಿಯೂ ಅದೇ ದಾರಿ. ಬೆಳಿಗ್ಗೆ ಮಾಲು ಇಳಿಸುವ ಹೊತ್ತಿಗೆ ಗಾಲಿಕುರ್ಚಿಯಲ್ಲಿ ಬಂದವರು ಕಾಯುತ್ತಾ ಕೂರಬೇಕು. ಇಷ್ಟು ವರ್ಷವಾದರೂ ಇದಕ್ಕೊಂದು ಸಮಯಪಟ್ಟಿ ಮಾಡಲಾಗದ್ದು ಆಡಳಿತ ಮಂಡಳಿಯ ಸೋಮಾರಿತನ, ಬೇರೇನಲ್ಲ.

ಹಳೇ ಕಟ್ಟಡಕ್ಕೂ ಸಹಕಾರಕ್ಕೂ ನಂಟು ಇವತ್ತಿನದಲ್ಲ. 1844ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಯೋನಿಯರ್ಸ್ ಎಂಬ ಸಹಕಾರ ಸಂಘ ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದದ್ದೂ ಹಳೇ ಗೋದಾಮೊಂದರ ನೆಲಮಹಡಿಯಲ್ಲೇ. ಹಿಟ್ಟು, ಬೆಣ್ಣೆ, ಸಕ್ಕರೆಯಂಥ ನಾಲ್ಕಾರು ಸಾಮಾನಿನಿಂದ ಶುರು. ಕಲಬೆರಕೆಯಿಲ್ಲದ ಮಾಲು, ಖರೀದಿಗೆ ತಕ್ಕಂತೆ ಲಾಭದ ಪಾಲು, ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಆ ಅಂಗಡಿ ಈಗ ವಸ್ತುಸಂಗ್ರಹಾಲಯ. ನಮ್ಮ ಬೈಲಾದ ಬೆನ್ನೆಲುಬೂ ಅದೇ ನಿಯಮಗಳು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1973ರಲ್ಲಿ ಶುರುವಾದ ಪಾರ್ಕ್ ಸ್ಲೋಪ್ ಫುಡ್ ಕೋಆಪ್‌ನಲ್ಲಿ ಕೊಳ್ಳಲು ಸದಸ್ಯರೇ ಆಗಬೇಕು, ಪಾಳಿ ಕೆಲಸವೂ ಮಾಡಬೇಕು. ನಮ್ಮಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಪಾಳಿ ಇಷ್ಟವಿದ್ದವರಿಗೆ. ಪರಿಣಾಮ ಊಹಿಸಬಹುದು: ಪಾಳಿಗೆ ಬರುವವರು ಪ್ರತಿ ಸಲ ಅದೇ ಮುಖಗಳು.

ಹಾಗಾದರೂ ಯಾಕೆ ಬಿಟ್ಟಿಲ್ಲ? ಲೆಕ್ಕಪತ್ರಕ್ಕಾಗಿ. ಯಾವ ಸರಕಿನ ಮೇಲೆ ಎಷ್ಟು ಲಾಭ ಇಟ್ಟಿದ್ದಾರೆ, ವಿದ್ಯುತ್ತಿಗೆ ಎಷ್ಟು ಹೋಯಿತು, ಬೆಳೆದವರಿಗೆ ಎಷ್ಟು ಕೊಟ್ಟರು, ಎಲ್ಲವನ್ನೂ ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳಬಹುದು, ಉತ್ತರ ಕೊಡಲೇಬೇಕು. ಬೇರೆ ಯಾವ ಅಂಗಡಿಯಲ್ಲೂ ನನಗೆ ಈ ಹಕ್ಕಿಲ್ಲ. ಒಂದು ವರ್ಷ ಮಿಗುತಾಯವನ್ನು ಸದಸ್ಯರಿಗೆ ಹಂಚದೆ ಚಾವಣಿ ರಿಪೇರಿಗೆ ಹಾಕಬೇಕೆಂದಾಗ ನಾನು ವಿರುದ್ಧ ಮತ ಹಾಕಿ ಸೋತೆ. ದಿನಸಿ ವ್ಯಾಪಾರದಲ್ಲಿ ಉಳಿಯುವುದೇ ಅಷ್ಟಿಷ್ಟು, ಅದನ್ನೂ ಹೆಂಚು ನುಂಗಿದರೆ ಸದಸ್ಯರಿಗೇನು ಸಿಕ್ಕಂತಾಯಿತು ಎಂಬ ನನ್ನ ಪ್ರಶ್ನೆ ಈಗಲೂ ಹಾಗೇ ಇದೆ. ಸೋತರೂ ಯಾಕೆ ಸೋತೆನೆಂದು ನಡಾವಳಿ ಪುಸ್ತಕದಲ್ಲಿ ಬರೆದಿದೆ.

ನಿಮ್ಮ ಕಡೆ ಇಂಥದ್ದೊಂದು ಅಂಗಡಿ ತೆರೆಯುತ್ತಿದ್ದು ಷೇರು ಕೊಳ್ಳುವ ಯೋಚನೆ ಇದ್ದರೆ, ಕಮಾನು ನೋಡಿ ಸಹಿ ಹಾಕಬೇಡಿ. ಕಟ್ಟಡ ಸಂಘದ್ದೋ ಗುತ್ತಿಗೆಯದೋ, ಗುತ್ತಿಗೆಯಾದರೆ ದುರಸ್ತಿ ಯಾರ ಹೊಣೆ, ಅದಕ್ಕೆ ಪ್ರತ್ಯೇಕ ನಿಧಿ ಇದೆಯೇ ಎಂದು ಕೇಳಿ. ಬಿಟ್ಟು ಹೋಗುವಾಗ ಷೇರಿನ ಹಣ ಯಾವಾಗ ವಾಪಸ್ ಬರುತ್ತದೆ ಎಂಬುದನ್ನು ಬಾಯಿಮಾತಲ್ಲಿ ಅಲ್ಲ, ಬೈಲಾದಲ್ಲಿ ಓದಿಕೊಳ್ಳಿ.